ಗಡಿಯಲ್ಲಿರುವ ಯಜಮಾನರ ಓಟು

ಯಜಮಾನರು ಕಾಶ್ಮೀರದಲ್ಲಿ, ನೀವು ಭದ್ರಾವತಿಯಲ್ಲಿ ಅತ್ತೆ-ಮಾವನ ಜೊತೆ. ಚುನಾವಣೆ ಬಂದಾಗ 'ಅವರ ಓಟು ಹೋಯ್ತು ಬಿಡಿ' ಅಂತ ಸುಮ್ಮನಾಗ್ತೀರಾ? ಬೇಡ, ಅವರ ಪರವಾಗಿ ನೀವೇ ಹಾಕಬಹುದು! ಸೈನಿಕರಿಗೆ 2003ರಿಂದಲೇ ಈ ಅವಕಾಶವಿದೆ.

ಅವರ ಹೆಸರು ಭದ್ರಾವತಿ ಕ್ಷೇತ್ರದ ಸೇವಾ ಮತದಾರರ ಪಟ್ಟಿಯಲ್ಲಿರಬೇಕು. ನೀವೂ ಅದೇ ಕ್ಷೇತ್ರದ ನಿವಾಸಿಯಾಗಿರಬೇಕು. ನಮೂನೆ 13ಎಫ್‌ಗೆ ಅವರು ಕಮಾಂಡಿಂಗ್ ಅಧಿಕಾರಿಯ ಮುಂದೆ ಸಹಿ ಹಾಕಿ ಕಳಿಸುತ್ತಾರೆ. ನೀವು ನೋಟರಿ ಮುಂದೆ ಸಹಿ ಮಾಡಿ ಚುನಾವಣಾಧಿಕಾರಿಗೆ ಕೊಡಿ. ನಿಮ್ಮ ಓಟಿಗೆ ತೋರುಬೆರಳಿಗೆ ಶಾಯಿ, ಅವರ ಓಟಿಗೆ ಎಡಗೈ ಮಧ್ಯದ ಬೆರಳಿಗೆ. ಯಾರಿಗೆ ಹಾಕಬೇಕು ಅಂತ ಮಾತ್ರ ಅವರನ್ನೇ ಕೇಳಿ!

'ನಾನೇ ಹಾಕ್ತೀನಿ' ಅಂತಾರಾ? ಹಾಗಾದರೆ ಅಂಚೆ ಮತಪತ್ರ. 2016ರಲ್ಲಿ ಬಂದ ವ್ಯವಸ್ಥೆಯಲ್ಲಿ ಅದು ಕಂಪ್ಯೂಟರಿಗೇ ಬರುತ್ತದೆ, ಒಟಿಪಿ, ಪಿನ್ ಇಲ್ಲದೆ ತೆರೆಯದು. ವಾಪಸ್ ಕಳಿಸೋದು ಮಾತ್ರ ಅಂಚೆಯಲ್ಲೇ. ಎಣಿಕೆ ಶುರುವಾಗುವ ಮೊದಲೇ ತಲುಪಬೇಕು. ಆದ್ದರಿಂದ ಫೋನಿನಲ್ಲಿ 'ಕಳಿಸಿದ್ರಾ?' ಅಂತ ಕೇಳ್ತಾ ಇರಿ.

ದುಬೈಯಲ್ಲಿ ಕೆಲಸಕ್ಕಿರುವ ಮಗನಿಗೆ ಈ ಎರಡೂ ಸೌಲಭ್ಯ ಇಲ್ಲ. ಭಾರತದ ಪೌರತ್ವ ಉಳಿಸಿಕೊಂಡಿದ್ದು, ಪಾಸ್‌ಪೋರ್ಟಿನಲ್ಲಿ ಶಿವಮೊಗ್ಗದ ವಿಳಾಸವಿದ್ದರೆ ನಮೂನೆ 6ಎ ತುಂಬಿ ಇಲ್ಲಿನ ಪಟ್ಟಿಗೆ ಹೆಸರು ಸೇರಿಸಬಹುದು. ಓಟಿಗೆ ಮಾತ್ರ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೇ ಬರಬೇಕು. ಒಂದು ಓಟಿಗೆ ವಿಮಾನದ ಟಿಕೆಟ್ ಖರ್ಚು! ಇದು ಸರಿಯಲ್ಲ ಅನ್ನಿಸುತ್ತೆ, ಆದರೆ ಸದ್ಯಕ್ಕೆ ನಿಯಮ ಹಾಗೇ ಇದೆ.