ಆರತಿಯಿಂದ ಕಾಗದದವರೆಗೆ: ರಾಳದ ಬಗ್ಗೆ ನಾವು ನಂಬಿರುವುದು

ಶಿವಮೊಗ್ಗದ ಗಾಂಧಿ ಬಜಾರಿನಂಥ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿ ರಾಳ ಕೇಳಿದರೆ, ಅದು ನಮ್ಮ ಮಲೆನಾಡಿನ ಧೂಪದ ಮರದಿಂದಲೇ ಬಂದದ್ದು ಎಂದು ನಂಬುವವರು ಬಹಳ. ಹೊಂಬಣ್ಣದ, ಆರಪಾರ ಕಾಣುವ, ತಟ್ಟಿದರೆ ಗಾಜಿನಂತೆ ಒಡೆಯುವ ರಾಳ ನಮ್ಮ ಕಾಡಿನದಲ್ಲ. ಅದು ಪೈನ್ ಮರದ್ದು. ಉತ್ತರಾಖಂಡ, ಹಿಮಾಚಲದ ಇಳಿಜಾರುಗಳಲ್ಲಿ ಬೆಳೆಯುವ ಚೀರ್ ಪೈನ್ ಮರದ ತೊಗಟೆಯನ್ನು ಗೀರಿ, ಕೆಳಗೆ ಬಟ್ಟಲು ಕಟ್ಟಿ, ಒಸರುವ ಅಂಟನ್ನು ಹಿಡಿಯುತ್ತಾರೆ. ಅದನ್ನು ಬಟ್ಟಿ ಇಳಿಸಿದಾಗ ಆವಿಯಾಗಿ ಹೋಗುವುದು ಟರ್ಪೆಂಟೈನ್, ತಳದಲ್ಲಿ ಉಳಿಯುವುದು ರಾಳ.

ನಮ್ಮ ಕಾಡಿನಲ್ಲೂ ರಾಳ ಕೊಡುವ ಮರಗಳಿವೆ: ಸಾಲುಧೂಪ, ಕರಿಧೂಪ, ಊದುಬತ್ತಿಗೆ ಬೇಕಾಗುವ ಹಾಲುಮಡ್ಡಿ. ಆದರೆ ಇವು ಹೂಬಿಟ್ಟು ಕಾಯಿ ಕಟ್ಟುವ ಅಗಲ ಎಲೆಯ ಮರಗಳು, ಪೈನಿಗೆ ನೆಂಟರೂ ಅಲ್ಲ. ಈ ವ್ಯತ್ಯಾಸ ಬರೀ ಸಸ್ಯಶಾಸ್ತ್ರದವರಿಗೆ ಬಿಟ್ಟ ವಿಷಯವಲ್ಲ. ಪೈನ್ ತೋಪಿನಲ್ಲಿ ಗಾಯದ ಅಳತೆ, ವರ್ಷದ ಸರದಿ ಎಂಬ ನಿಯಮಗಳಾದರೂ ಇವೆ. ಕರಿಧೂಪದ ಬುಡಕ್ಕೆ ಕಚ್ಚು ಹಾಕಿ ಬೆಂಕಿ ಕೊಟ್ಟು ರಾಳ ಇಳಿಸುವ ಹಳೆಯ ಕ್ರಮ ಮರವನ್ನೇ ಕೊಲ್ಲುತ್ತದೆ. ರಾಳ ಮರದ ಆಹಾರರಸವಲ್ಲ. ಹುಳ, ಶಿಲೀಂಧ್ರ ಒಳನುಗ್ಗದಂತೆ ಗಾಯವನ್ನು ಮುಚ್ಚಲು ಮರ ಸುರಿಸುವ ರಕ್ಷಣೆ. ಮಿತಿಮೀರಿ ತೆಗೆದರೆ ಮರ ಬರಿಗೈಯಾಗುತ್ತದೆ.

ಗೋಂದು, ಅರಗು, ರಾಳ ಎಲ್ಲ ಒಂದೇ ಎಂಬ ಮಾತೂ ಇದೆ. ಮನೆಯಲ್ಲೇ ನೋಡಬಹುದು: ಗೋಂದು ನೀರಿನಲ್ಲಿ ಕರಗುತ್ತದೆ ಅಥವಾ ಉಬ್ಬುತ್ತದೆ, ರಾಳಕ್ಕೆ ನೀರು ತಾಗುವುದೇ ಇಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಅರಗಂತೂ ಮರದ್ದೇ ಅಲ್ಲ, ಒಂದು ಕೀಟದ ಸ್ರಾವ.

ಇನ್ನು ಕರ್ಪೂರ. ಆರತಿಯ ಬಿಲ್ಲೆ ಕರ್ಪೂರದ ಮರದ್ದು ಎನ್ನುವವರೂ ತಪ್ಪು, ಅದು ಪೂರ್ತಿ ಪೆಟ್ರೋಲಿಯಂ ಎನ್ನುವವರೂ ತಪ್ಪು. ಇಂದು ಉರಿಸುವ ಕರ್ಪೂರದ ಬಹುಪಾಲು ತಯಾರಾಗುವುದು ಪೈನ್ ಟರ್ಪೆಂಟೈನ್‌ನಲ್ಲಿರುವ ಆಲ್ಫಾ ಪೈನೀನ್ ಎಂಬ ಅಂಶದಿಂದ, ಕಾರ್ಖಾನೆಯಲ್ಲಿ. ಹಾಗಾಗಿ ಶಿವಮೊಗ್ಗದ ಕೋಟೆ ಆಂಜನೇಯನಿಗೆ ಬೆಳಗುವ ಆರತಿಯಲ್ಲೂ ಪೈನ್ ಮರದ ಪಾಲು ಇರುವುದು ಸಹಜ. ಅದರಿಂದ ಭಕ್ತಿಗೇನೂ ಕುಂದಿಲ್ಲ. ಆದರೆ ಈ ಬಿಲ್ಲೆಯನ್ನು ಪಚ್ಚಕರ್ಪೂರದ ಬದಲು ಪಾಯಸಕ್ಕೋ ಲಾಡಿಗೋ ಹಾಕಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದು.

ಟರ್ಪೆಂಟೈನ್ ವಿಷಯದಲ್ಲಿ ನಂಬಿಕೆ ತಿರುವುಮುರುವು. ಪೇಂಟ್ ಅಂಗಡಿಯ ಡಬ್ಬಿಯಲ್ಲಿರುವುದು ಮರದ ಎಣ್ಣೆ ಎಂದುಕೊಳ್ಳುತ್ತೇವೆ, ಈಗ ಅದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು.

ಯಕ್ಷಗಾನದಲ್ಲಿ ಮಹಿಷಾಸುರ ರಂಗಕ್ಕೆ ನುಗ್ಗುವಾಗ ದೊಂದಿಯಿಂದ ಭಗ್ಗನೆ ಏಳುವ ಜ್ವಾಲೆ ಮದ್ದಿನಪುಡಿಯದು ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ಅದು ರಾಳದ ಪುಡಿ. ಹೆಂಟೆಯಾಗಿದ್ದರೆ ಹೊಗೆಯಾಡುತ್ತ ನಿಧಾನ ಉರಿಯುವ ರಾಳ, ನುಣ್ಣಗೆ ಪುಡಿಯಾಗಿ ಗಾಳಿಯಲ್ಲಿ ಹರಡಿದಾಗ ಪ್ರತಿ ಕಣಕ್ಕೂ ಗಾಳಿ ಸಿಕ್ಕಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಪಳಗಿದ ಕೈಗಳ ಕೆಲಸವದು. ಮನೆಯಂಗಳದಲ್ಲಿ ಮಾಡಿ ನೋಡುವಂಥದ್ದಲ್ಲ.

ನೈಸರ್ಗಿಕವಾದ್ದರಿಂದ ರಾಳದ ಹೊಗೆ ನಿರಪಾಯ ಎಂಬುದು ನನಗೆ ಹೆಚ್ಚು ಕಳವಳ ತರುವ ನಂಬಿಕೆ. ಮೊಬೈಲ್, ರೇಡಿಯೊ ರಿಪೇರಿ ಮಾಡುವವರು ಬೆಸುಗೆಗೆ ಬಳಸುವ ಫ್ಲಕ್ಸ್‌ನಲ್ಲೂ ಇದೇ ರಾಳ ಇರುತ್ತದೆ. ಅದರ ಹೊಗೆಯನ್ನು ದಿನವೂ ಉಸಿರಾಡುವವರಿಗೆ ಆಸ್ತಮಾ ಬರಬಹುದೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಚರ್ಮರೋಗ ತಜ್ಞರು ಅಲರ್ಜಿ ಪತ್ತೆಗೆ ಬಳಸುವ ಸಾಮಾನ್ಯ ಪರೀಕ್ಷಾ ವಸ್ತುಗಳಲ್ಲಿ ರಾಳವೂ ಒಂದು. ಆಸ್ತಮಾ ಇರುವವರ ಮನೆಯಲ್ಲಿ ಧೂಪ ಹಾಕಲೇಬೇಕಿದ್ದರೆ ಕಿಟಕಿ ತೆರೆದಿಡಿ.

ಭದ್ರಾವತಿಯವರು ರಾಳದ ಮಾತು ಬಂದಾಗ ನೆನೆಯಬೇಕಾದದ್ದು ಕಾಗದವನ್ನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮಲೆನಾಡಿನ ಬಿದಿರನ್ನು ಕಾಗದವಾಗಿಸಿತು. ಬಿದಿರಿನ ತಿರುಳಿಷ್ಟಿದ್ದರೆ ಕಾಗದವಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಬರೀ ತಿರುಳಿನ ಹಾಳೆಯ ಮೇಲೆ ಶಾಯಿ ಪೆನ್ನು ಊರಿದರೆ ಅಕ್ಷರ ನಿಲ್ಲದೆ ಹರಡುತ್ತದೆ, ಅದು ಒತ್ತುಕಾಗದವೇ ಸರಿ. ಶಾಯಿ ಹೀರದಂತೆ ತಡೆಯುವ ಉಪಾಯವನ್ನು 1807ರಲ್ಲಿ ಪ್ರಕಟಿಸಿದವನು ಜರ್ಮನಿಯ ಮೋರಿಟ್ಜ್ ಇಲ್ಲಿಗ್. ಪೈನ್ ರಾಳವನ್ನು ಕ್ಷಾರದೊಂದಿಗೆ ಕುದಿಸಿ ಸಾಬೂನಿನಂತೆ ಮಾಡಿ ತಿರುಳಿಗೆ ಬೆರೆಸಿ, ಮೇಲೆ ಪಟಿಕ ಹಾಕುವುದು. ಪಟಿಕ ರಾಳವನ್ನು ನಾರಿಗೆ ಕಚ್ಚಿಸುತ್ತದೆ. ಇಪ್ಪತ್ತನೇ ಶತಮಾನದ ಬಹುಭಾಗ ಜಗತ್ತಿನ ಬರೆಯುವ ಕಾಗದವೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ತಯಾರಾದದ್ದು.

ಇದೇ ದಾರಿ ಆ ಕಾಗದದ ಆಯಸ್ಸನ್ನೂ ಕತ್ತರಿಸಿತು. ಅಜ್ಜನ ಪತ್ರ, ಹಳೆಯ ಪಠ್ಯಪುಸ್ತಕ ಕಂದಾಗಿ, ಮಡಿಕೆಯಲ್ಲಿ ಮುರಿದರೆ ಮಲೆನಾಡಿನ ಮಳೆಯನ್ನು ದೂರುತ್ತೇವೆ. ತೇವ ಕೇಡನ್ನು ಬೇಗ ಮಾಡುತ್ತದೆ, ನಿಜ. ಆದರೆ ಕೇಡಿನ ಬೀಜ ಹಾಳೆಯೊಳಗೇ ಇದೆ. ಪಟಿಕ ಉಳಿಸುವ ಆಮ್ಲ ನಾರಿನ ಎಳೆಗಳನ್ನು ವರ್ಷಗಟ್ಟಲೆ ತುಂಡರಿಸುತ್ತಿರುತ್ತದೆ. ಇದೇ ಮಳೆನಾಡಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳು ಉಳಿದಿವೆ. ಅವುಗಳಲ್ಲಿ ಪಟಿಕವಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬಹಳ ಕಾರ್ಖಾನೆಗಳು ಆಮ್ಲವಿಲ್ಲದ ವಿಧಾನಕ್ಕೆ ಹೊರಳಿದವು.

ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿವೆ. ಅದರ ಹಾಳೆಗಳ ಮೇಲೆ ಬರೆದ ಕಂದಾಯ ಪತ್ರ, ಲೆಕ್ಕದ ಪುಸ್ತಕ, ದಿನಚರಿಗಳು ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಇನ್ನೂ ಇರಬಹುದು. ನಿಮ್ಮಲ್ಲಿದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಆಮ್ಲ ಒಳಗೇ ಉಳಿಯುತ್ತದೆ, ಮತ್ತೆ ಬಿಡಿಸಲೂ ಆಗದು. ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿಡಬೇಡಿ, ಅದರ ಆಮ್ಲವೂ ಇದಕ್ಕೆ ದಾಟುತ್ತದೆ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ತೇವ ತಾಗದ ಕಡೆ ಇಡಿ. ಅದಕ್ಕೂ ಮೊದಲು, ಈ ವಾರವೇ, ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ.