ಕಾಲು ಸುಟ್ಟ ಬೆಕ್ಕು: ಸಾಕುಬೆಕ್ಕಿನ ಉದ್ವೇಗವಿಚಾರ

ಒಂದೆಡೆ ನಿಲ್ಲಲಾರದೆ ಅತ್ತಿತ್ತ ತಿರುಗಾಡುವವನನ್ನು ಕನ್ನಡಿಗರು 'ಕಾಲು ಸುಟ್ಟ ಬೆಕ್ಕು' ಎನ್ನುವರು. ಈ ನುಡಿಗಟ್ಟನ್ನು ಕೇಳಿದವರ ದೃಷ್ಟಿ ಉಪಮೇಯವಾದ ಮನುಷ್ಯನ ಕಡೆಗೆ ಹೋಗುವುದೇ ಹೊರತು, ಉಪಮಾನವಾದ ಬೆಕ್ಕಿನ ಸಂಕಟವನ್ನು ವಿಚಾರಿಸುವವರು ವಿರಳ. ನಮ್ಮ ಗಾದೆಗಳೂ ಕಥೆಗಳೂ ಲೌಕಿಕ ನ್ಯಾಯಗಳೂ ಬೆಕ್ಕನ್ನು ಹತ್ತಿರದಿಂದ ನೋಡಿದವರ ಮಾತುಗಳು. ಅವುಗಳಲ್ಲಿರುವ ನೋಟವು ಬಹುಮಟ್ಟಿಗೆ ಸರಿಯಾದುದು. ಅದರಿಂದ ತೆಗೆದ ತೀರ್ಮಾನ ಮಾತ್ರ ಹಲವೆಡೆ ತಪ್ಪಿದೆ. ಈ ತಪ್ಪಿನ ಫಲವಾಗಿ ಬೆಕ್ಕಿನ ಭಯವು ಕಪಟವೆಂದೂ ಅದರ ರೋಗವು ದುರ್ಗುಣವೆಂದೂ ಎಣಿಸಲ್ಪಡುತ್ತದೆ.

ಮೊದಲು ಪ್ರಾಣಿಯ ಸ್ವಭಾವವನ್ನು ನೋಡೋಣ. ಅಮರಕೋಶವು ಬೆಕ್ಕಿಗೆ ಓತು, ಬಿಡಾಲ, ಮಾರ್ಜಾರ, ವೃಷದಂಶಕ, ಆಖುಭುಕ್ ಎಂದು ಐದು ಹೆಸರುಗಳನ್ನು ಹೇಳುತ್ತದೆ. ಆಖುಭುಕ್ ಎಂದರೆ ಇಲಿಯನ್ನು ತಿನ್ನುವುದು. ಮಾರ್ಜಾರ ಶಬ್ದವನ್ನು 'ಶುದ್ಧಿಮಾಡು' ಎಂಬರ್ಥದ ಮೃಜ್ ಧಾತುವಿನಿಂದ ಸಾಧಿಸುವರು. ಸದಾ ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಇದು ಅನ್ವರ್ಥನಾಮ. ಸಾಕುಬೆಕ್ಕಿನ ಮೂಲ ಆಫ್ರಿಕದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಲ್ಪಟ್ಟ ಸುಮಾರು 9,500 ವರ್ಷ ಹಿಂದಿನ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಸಹವಾಸ ಇಷ್ಟು ಪ್ರಾಚೀನವಾದರೂ ಒಂಟಿಬೇಟೆಗಾರನ ಗುಣ ಬೆಕ್ಕನ್ನು ಬಿಟ್ಟಿಲ್ಲ. ಒಂಟಿಯಾಗಿ ಬೇಟೆಯಾಡುವ ಮೃಗಕ್ಕೆ ಗಾಯವಾದರೆ ಆಹಾರ ತಂದುಕೊಡುವವರಿಲ್ಲ. ಆದುದರಿಂದ ಅದು ನೋವನ್ನು ತೋರಗೊಡದೆ ಅಡಗಿಕೊಳ್ಳುವುದು. ಕಂಬಕ್ಕೂ ಬಾಗಿಲಿಗೂ ಕೆನ್ನೆಯುಜ್ಜಿ ತನ್ನ ವಾಸನೆಯನ್ನಿಡುವುದು. ಆ ವಾಸನೆ ಇರುವವರೆಗೆ ಮನೆ ಅದರದು.

ಹಾರೋಹಳ್ಳಿ ತಾಲ್ಲೂಕಿನ ಮರಳವಾಡಿಯ ಸುತ್ತಿನಂಥ ರೇಷ್ಮೆಸೀಮೆಯನ್ನು ತೆಗೆದುಕೊಂಡರೆ ಇದರ ಮಹತ್ವ ಸ್ಪಷ್ಟವಾಗುವುದು. ಇಲಿಯು ರೇಷ್ಮೆಹುಳುವಿನ ಹಗೆ; ಆಖುಭುಕ್ಕಾದ ಬೆಕ್ಕು ಅಲ್ಲಿ ಕೇವಲ ಮುದ್ದಿನ ಪ್ರಾಣಿಯಲ್ಲ. ಹುಳು ನಾಲ್ಕು ಜ್ವರಗಳನ್ನು ಕಳೆದು ಸುಮಾರು 25 ದಿನಗಳಲ್ಲಿ ಹಣ್ಣಾಗುತ್ತದೆ. ಬೆಳೆ ಮುಗಿದ ಮೇಲೆ ಸೋಂಕು ಕಳೆಯುವುದಕ್ಕಾಗಿ ತಟ್ಟೆ, ಚಂದ್ರಿಕೆಗಳನ್ನು ಹೊರಗಿಟ್ಟು, ನೆಲಗೋಡೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುವರು. ಹುಳುವಿನ ಹಿತಕ್ಕೆ ಇದು ಅವಶ್ಯ. ಆದರೆ ಬೆಕ್ಕಿಗೆ ತನ್ನ ಗುರುತುಗಳೆಲ್ಲ ಒಂದೇ ದಿನ ಅಳಿಸಿಹೋಗಿ, ಮನೆಯೇ ಪರಕೀಯವಾಗುತ್ತದೆ. ಅದು ಅಟ್ಟವೇರಿ ಕುಳಿತುಕೊಳ್ಳಬಹುದು. ಇಲ್ಲವೆ ತೊಳೆದ ಗೋಡೆಗೇ ಮೂತ್ರ ಸಿಡಿಸಬಹುದು. ಮನೆಯವರು ಇದನ್ನು ಕೊಬ್ಬೆನ್ನುವರು. ವಾಸ್ತವವಾಗಿ ಅದು ಅಳಿದ ಎಲ್ಲೆಯನ್ನು ಮತ್ತೆ ಬರೆಯುವ ಯತ್ನ. ತೊಳೆಯುವ ಕಾಲದಲ್ಲಿ ಬೆಕ್ಕನ್ನು ದೂರದ ಕೋಣೆಯಲ್ಲಿರಿಸಿ, ಅದು ಮಲಗುವ ಗೋಣಿಯನ್ನು ಒಗೆಯದೆ ಅಲ್ಲಿಯೇ ಹಾಸುವುದು ಲೇಸು. ಮನೆಗಳಲ್ಲಿ ಬಳಸುವ ಫಿನಾಯಿಲಿನಂಥ ದ್ರವ್ಯವಂತೂ ಬೆಕ್ಕಿನ ದೇಹಕ್ಕೆ ವಿಷವೆಂಬುದನ್ನು ಮರೆಯಬಾರದು.

ಇನ್ನು ನುಡಿಗಳ ಸಾಕ್ಷ್ಯ. 'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ' ಎಂಬ ಗಾದೆಯು ಮುಚ್ಚಿದ ಕಣ್ಣನ್ನು ವಂಚನೆಯ ಲಕ್ಷಣವಾಗಿ ಮಾಡಿದೆ. ಬೆಕ್ಕಿಗೆ ಅರೆಮುಚ್ಚಿದ ಕಣ್ಣು ನೆಮ್ಮದಿಯ ಗುರುತು. ಅರಳಿದ ಪಾಪೆ, ಚಪ್ಪಟೆಯಾದ ಕಿವಿ, ಮುದುಡಿದ ಮೈ ಭಯದ ಗುರುತುಗಳು. ಬೆಕ್ಕಿನ ಕಡೆ ನೋಡಿ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡುವುದೆಂದು 2020ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಪ್ರಯೋಗದಿಂದ ತೋರಿಸಿದರು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಪರಿಚಿತ. ಸುಡುಹಾಲಿಗೆ ಬಾಯಿಟ್ಟ ಬೆಕ್ಕು ಆಮೇಲೆ ಹಾಲನ್ನು ಕಂಡರೇ ಓಡಿತು. ಕಥೆಯನ್ನು ಕೇಳಿ ನಗುವೆವಾದರೂ ತತ್ತ್ವ ಗಂಭೀರವಾದುದು: ಒಮ್ಮೆ ನೋವಾದ ವಸ್ತುವನ್ನೂ ಸ್ಥಳವನ್ನೂ ಬೆಕ್ಕು ಮರೆಯದು. ಹೊಡೆದು ಕಲಿಸಿದರೆ ಅದು ಕಲಿಯುವುದು ಹೊಡೆದವನ ಭಯವನ್ನೇ.

ಮೂರನೆಯದು ಮಾರ್ಜಾರಕಿಶೋರನ್ಯಾಯ. ತಾಯಿಬೆಕ್ಕು ಕತ್ತು ಕಚ್ಚಿ ಒಯ್ಯುವಾಗ ಮರಿಯು ನಿಶ್ಚೇಷ್ಟವಾಗಿರುವಂತೆ ಪ್ರಪನ್ನನು ಭಗವಂತನಲ್ಲಿರಬೇಕೆಂದು ತೆಂಗಲೆಯವರು ಉದಾಹರಿಸುವರು. ಈ ದೃಷ್ಟಾಂತ ಕಿಶೋರಕ್ಕೇ ಮೀಸಲು. ಬೆಳೆದ ಬೆಕ್ಕನ್ನು ಕತ್ತು ಹಿಡಿದೆತ್ತಿದಾಗ ಅದು ಸುಮ್ಮನಿದ್ದರೆ ಅದು ಶರಣಾಗತಿಯಲ್ಲ, ಭಯಸ್ತಂಭ. 2022ರಲ್ಲಿ ಬೆಕ್ಕಿನ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆಗಳು ಪ್ರಕಟಿಸಿದ ಸೂಚನೆಗಳೂ ಹಾಗೆ ಹಿಡಿಯಬಾರದೆನ್ನುತ್ತವೆ. ಎದೆಗೂ ಹಿಂಗಾಲಿಗೂ ಕೈಯಾಸರೆ ಕೊಟ್ಟೆತ್ತುವುದು ಯುಕ್ತ.

ಉದ್ವೇಗವು ಬಹುಕಾಲ ನಿಂತರೆ ದೇಹವನ್ನು ಕೆಡಿಸುವುದು. ಕೆಲವು ಬೆಕ್ಕುಗಳು ಹೊಟ್ಟೆಯ ಕೂದಲುದುರುವಷ್ಟು ನೆಕ್ಕಿಕೊಳ್ಳುವುವು. ಇಲ್ಲಿ ಮಾರ್ಜನವೇ ವ್ಯಾಧಿ. ಕೆಲವಕ್ಕೆ ಸೋಂಕಿಲ್ಲದೆಯೂ ಮೂತ್ರಕೋಶ ಉರಿಯುವುದು. ಆಗ ಬೆಕ್ಕು ಕಂಡಕಂಡಲ್ಲಿ ತಿಣುಕಿ ಹನಿಹನಿಯಾಗಿ ಮೂತ್ರ ಬಿಡುತ್ತದೆ. ಇದನ್ನು ಹೊಲಸುತನವೆಂದು ಹೊಡೆಯುವುದು ಘೋರ ಪ್ರಮಾದ. ಗಂಡುಬೆಕ್ಕಿಗೆ ಮೂತ್ರ ಪೂರ್ತಿಯಾಗಿ ಕಟ್ಟಿದರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗಬಹುದು. ಒಡನೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಈ ವ್ಯಾಧಿಯುಳ್ಳ 46 ಬೆಕ್ಕುಗಳ ಮನೆಯ ಪರಿಸರವನ್ನು ಸುಧಾರಿಸಿ, ಅವುಗಳ ಲಕ್ಷಣಗಳು ಗಣನೀಯವಾಗಿ ತಗ್ಗಿದುದನ್ನು ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದರು.

ಆ ಸುಧಾರಣೆಗೆ ಹೆಚ್ಚಿನ ಖರ್ಚೇನೂ ಬೇಡ. ಅಡಗಲು ಒಂದು ಬುಟ್ಟಿ ಅಥವಾ ಪೆಟ್ಟಿಗೆ, ಏರಿ ಕೂರಲು ಎತ್ತರದ ಹಲಗೆ, ಅನ್ನ ನೀರುಗಳಿಂದ ದೂರದಲ್ಲಿ ಶುಚಿಯಾದ ಮಣ್ಣಿನ ತಟ್ಟೆ, ಹೊತ್ತಿಗೆ ಸರಿಯಾದ ಆಹಾರ, ದಿನವೂ ಸ್ವಲ್ಪ ಬೇಟೆಯಾಟ, ಇವು ಸಾಕು. ಬೆಕ್ಕುಗಳು ಹಲವಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಪಾತ್ರೆಗಳನ್ನು ಬೇರೆ ಬೇರೆ ಕಡೆ ಇಡಬೇಕು. ಅಡಗಿದ ಬೆಕ್ಕನ್ನು ಎಳೆಯಬಾರದು. ತಾನಾಗಿ ಬಂದಾಗ ಕೆನ್ನೆಯನ್ನು ಸವರಬೇಕು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುವುದೆಂಬ ಮಾತುಂಟು. ಪದೇ ಪದೇ ಇಣಿಕಿ ಮುಟ್ಟುವವರ ಕಾಟವೂ ಅದಕ್ಕೊಂದು ಕಾರಣ. ಈಯುವ ಬೆಕ್ಕಿಗೆ ಕತ್ತಲ ಮೂಲೆಯೊಂದನ್ನು ಬಿಟ್ಟುಕೊಟ್ಟರೆ ಆ ಅಲೆದಾಟ ಎಷ್ಟೋ ತಗ್ಗುವುದು.

ಹೀಗೆ ಪೂರ್ವಿಕರ ನೋಟವನ್ನಿಟ್ಟುಕೊಂಡು ತೀರ್ಮಾನವನ್ನು ತಿದ್ದಿಕೊಳ್ಳಬೇಕಾಗಿದೆ. ಬೆಕ್ಕು ಕಾಲು ಸುಟ್ಟಂತೆ ತಿರುಗಾಡುವಾಗ ಬೈಯತಕ್ಕದ್ದು ಬೆಕ್ಕನ್ನಲ್ಲ. ಕೆಂಡ ಎಲ್ಲಿ ಬಿದ್ದಿದೆಯೆಂದು ಮನೆಯವರು ಹುಡುಕತಕ್ಕದ್ದು.