ಬೆನ್ನಿನ ನೀರು ಹೇಳುವುದೇನು?

ದುಗ್ಧರಸಗ್ರಂಥಿಗಳಲ್ಲಿ ಸಾಮಾನ್ಯವಾಗಿ ಮೊದಲಾಗುವ ಅರ್ಬುದರೋಗಕ್ಕೆ ಲಿಂಫೋಮವೆಂದು ಹೆಸರು. ಅದರಲ್ಲಿ ಬೇಗ ಬೆಳೆಯುವ ಕೆಲವು ಬಗೆಗಳು ಮಿದುಳಿಗೂ ಬೆನ್ನುಹುರಿಗೂ ಹರಡುವುದುಂಟು. ಹಾಗೆ ಹರಡಿದೆಯೋ ಇಲ್ಲವೋ ಎಂಬುದನ್ನರಿಯಲು ವೈದ್ಯರು ಬೆನ್ನಿನಿಂದ ನೀರು ತೆಗೆಯಬೇಕೆಂದೊಡನೆಯೇ, ಕಾಲು ಬಿದ್ದುಹೋದೀತೆಂದು ಅನೇಕರು ಅಂಜುವರು. ಈ ಅಂಜಿಕೆಗೆ ಆಧಾರವೆಷ್ಟೆಂಬುದನ್ನು ಗೃಹಸ್ಥರು ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಈ ವಿಧಾನವನ್ನು 1891ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯನಾದ ಹೈನ್ರಿಕ್ ಕ್ವಿಂಕೆ ಬಳಕೆಗೆ ತಂದನು. ಪ್ರಾಯದವರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಬಳಿಯಲ್ಲಿಯೇ ಮುಗಿಯುವುದು. ಸೂಜಿಯನ್ನು ಚುಚ್ಚುವುದು ಅದಕ್ಕಿಂತ ಕೆಳಗಿನ ಸಂದಿನಲ್ಲಿ. ಅಲ್ಲಿ ಹುರಿಯಿಲ್ಲ, ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ ಇರುವುವು. ದೇಹದಲ್ಲಿ ಈ ನೀರು ಸುಮಾರು 150 ಮಿಲಿಲೀಟರ್ ಇದ್ದು, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪನ್ನವಾಗುವುದು. ಆದುದರಿಂದ ತೆಗೆದ ಹತ್ತು ಮಿಲಿಲೀಟರ್ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುವುದು. ಕೆಲವರಿಗೆ ನಾಲ್ಕಾರು ದಿನ ತಲೆನೋವು ಬರುವುದುಂಟು. ಮಿದುಳಿನಲ್ಲಿ ಊತವಿದ್ದರೆ ಅಥವಾ ರಕ್ತವು ಸರಿಯಾಗಿ ಹೆಪ್ಪುಗಟ್ಟದಿದ್ದರೆ ಅಪಾಯವುಂಟು. ವೈದ್ಯರು ಅದನ್ನು ಮೊದಲೇ ನೋಡಿಕೊಳ್ಳುವರು.

ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ನೀರು ಕಣ್ಣಿಗೆ ತಿಳಿಯಾಗಿದ್ದರೆ ರೋಗವಿಲ್ಲವೆಂದಲ್ಲ. ರೋಗದ ಜೀವಕೋಶಗಳು ಅತ್ಯಲ್ಪವಾಗಿದ್ದರೆ ಸೂಕ್ಷ್ಮದರ್ಶಕಕ್ಕೂ ತಪ್ಪಿಹೋಗಬಹುದು. ಕೋಶಗಳಿಗೆ ಗುರುತಿನ ಬಣ್ಣಗಳನ್ನು ಹತ್ತಿಸಿ, ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸುವ ಫ್ಲೋ ಸೈಟೊಮೆಟ್ರಿಯು ಅದಕ್ಕಿಂತ ಸೂಕ್ಷ್ಮವಾದುದು. ಹೊರತೆಗೆದ ನೀರಿನಲ್ಲಿ ಕೋಶಗಳು ಬೇಗನೆ ನಾಶವಾಗುವುದರಿಂದ ಅದನ್ನು ವಿಳಂಬವಿಲ್ಲದೆ ಪರೀಕ್ಷಾಲಯಕ್ಕೆ ಮುಟ್ಟಿಸತಕ್ಕುದು. ಗ್ಯಾಡೋಲಿನಿಯಂ ದ್ರವ್ಯವನ್ನು ರಕ್ತನಾಳಕ್ಕೆ ಸೇರಿಸಿ ತೆಗೆದ ಎಂ.ಆರ್.ಐ. ಚಿತ್ರವನ್ನೂ ನೋಡಬೇಕು, ಒಂದರಲ್ಲಿ ಕಾಣದುದು ಇನ್ನೊಂದರಲ್ಲಿ ಕಂಡೀತು. ಒಮ್ಮೆ ಏನೂ ಸಿಕ್ಕದಿದ್ದರೂ ಸಂಶಯವುಳಿದರೆ ಪುನಃ ನೀರು ತೆಗೆಯಬೇಕಾಗಬಹುದು. ಅದು ವೈದ್ಯರ ಅಜ್ಞಾನವಲ್ಲ, ಎಚ್ಚರಿಕೆ.

ಮನೆಯವರ ಪಾಲಿನ ಕೆಲಸವೂ ಇಲ್ಲಿದೆ. ಲಿಂಫೋಮವುಳ್ಳವರಿಗೆ ಒಂದು ವಸ್ತು ಎರಡಾಗಿ ಕಂಡರೆ, ಮುಖದ ಒಂದು ಪಕ್ಕ ಜೋತರೆ, ಗಲ್ಲ ಮರಗಟ್ಟಿದರೆ, ಕಾಲು ಬಲಗುಂದಿದರೆ, ಮಾತಿನಲ್ಲಿಯೋ ನಡತೆಯಲ್ಲಿಯೋ ಹೊಸ ಗೊಂದಲ ತೋರಿದರೆ ಮುಪ್ಪಿನ ಫಲವೆಂದು ಸುಮ್ಮನಿರಲಾಗದು. ಅದೇ ದಿನ ವೈದ್ಯರಿಗೆ ತಿಳಿಸತಕ್ಕುದು. ಸ್ಟಿರಾಯ್ಡ್ ಔಷಧವನ್ನು ಕೊಟ್ಟಿದ್ದರೆ ಅದನ್ನೂ ಮರೆಮಾಡದೆ ಹೇಳಬೇಕು. ಅದು ಗಡ್ಡೆಯನ್ನು ಕೆಲಕಾಲ ಕುಗ್ಗಿಸಿ ರೋಗವನ್ನು ಪರೀಕ್ಷೆಯಿಂದ ಮರೆಸಬಲ್ಲುದು. ಯಂತ್ರಗಳೆಷ್ಟೇ ಸೂಕ್ಷ್ಮವಾಗಿರಲಿ, ರೋಗಿಯ ನಿತ್ಯದ ಮಾತುಕತೆ, ನಡೆನುಡಿಗಳನ್ನು ಬಲ್ಲವರು ಮನೆಯವರೇ ಅಲ್ಲವೆ? ಅವರು ಕಂಡುದನ್ನು ಹೇಳಿದ ಮೇಲೆಯೇ ಸೂಜಿಗೂ ಯಂತ್ರಕ್ಕೂ ಕೆಲಸ.